ಪತಾಕೆಯ ಸ್ಪರ್ಧೆಯೂ ಸಂಭವದ ಗಣಿತವೂ

ಪಂದ್ಯದ ಫಲವನ್ನು ಮುಂದಾಗಿ ಹೇಳಬಲ್ಲವರು ಯಾರೂ ಇಲ್ಲ; ಇದ್ದಿದ್ದರೆ ಪಂದ್ಯವನ್ನು ನೋಡಲು ಯಾರೂ ಹೋಗುತ್ತಿರಲಿಲ್ಲ. ಆದರೂ ಒಂದು ತಂಡವು ತಿಂಗಳುಗಟ್ಟಲೆ ಎಲ್ಲರಿಗಿಂತ ಮುಂದಿದ್ದು, ಕೆಲವೇ ಆಟಗಳು ಉಳಿದಿರುವಾಗ, "ಇನ್ನೇನು, ಗೆದ್ದಂತೆಯೇ ಸರಿ" ಎಂದು ನಾವು ಹೇಳಿಬಿಡುವುದುಂಟು. "ಗೆದ್ದಂತೆಯೇ ಸರಿ" ಎಂಬುದಕ್ಕೂ "ಗೆದ್ದಿತು" ಎಂಬುದಕ್ಕೂ ನಡುವಣ ಅಂತರವೆಷ್ಟು? ಅದನ್ನು ಅಳೆಯುವುದು ಸಾಧ್ಯವೆ? ಈ ಪ್ರಶ್ನೆಗಳಿಗೆ ಗಣಿತಶಾಸ್ತ್ರವು ಉತ್ತರ ಕೊಡಬಲ್ಲುದು. ಅದನ್ನು ತಿಳಿಯಲು ಅಮೆರಿಕ ದೇಶದ ಬೇಸ್‌ಬಾಲ್ ಆಟದಷ್ಟು ಅನುಕೂಲವಾದ ಉದಾಹರಣೆ ಬೇರೊಂದು ಸಿಕ್ಕುವುದು ಕಷ್ಟ. ಆ ಆಟದ ಇತಿಹಾಸದಲ್ಲಿ ೧೯೬೪ನೆಯ ಇಸವಿಯ ಕೊನೆಯ ಹದಿನೈದು ದಿನಗಳು ಬಹಳ ಪ್ರಸಿದ್ಧವಾಗಿವೆ. ಅವುಗಳನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ.

ಆಟದ ಸ್ವರೂಪ

ಕ್ರಿಕೆಟ್ಟನ್ನು ಬಲ್ಲ ನಮ್ಮ ವಾಚಕರಿಗೆ ಬೇಸ್‌ಬಾಲಿನ ಸ್ಥೂಲ ಸ್ವರೂಪ ಬೇಗನೆ ತಿಳಿದೀತು. ಒಂದೊಂದು ತಂಡದಲ್ಲಿ ಒಂಬತ್ತು ಜನ. ಪಿಚರ್ ಎಂಬವನು ಚೆಂಡನ್ನು ಎಸೆಯುತ್ತಾನೆ. ಎದುರಾಳಿಯು ದಾಂಡಿನಿಂದ ಅದನ್ನು ಹೊಡೆದು ಓಡುತ್ತಾನೆ. ಚೌಕದ ಮೂರು ಮೂಲೆಗಳಲ್ಲಿರುವ ಬೇಸುಗಳನ್ನು ಮುಟ್ಟಿ, ಹೊರಟ ಸ್ಥಳವಾದ ಹೋಂ ಪ್ಲೇಟಿಗೆ ಹಿಂದಿರುಗಿದರೆ ಒಂದು ರನ್ನು. ಎರಡೂ ತಂಡಗಳಿಗೆ ಒಂಬತ್ತೊಂಬತ್ತು ಸರದಿಗಳು. ರನ್ನುಗಳು ಸಮವಾದರೆ ಸರದಿಗಳು ಮುಂದುವರಿಯುವುವು. ಆದುದರಿಂದ ಸಾಮಾನ್ಯವಾಗಿ ಆಟವು ಸೋಲು ಅಥವಾ ಗೆಲುವಿನಲ್ಲಿಯೇ ಮುಗಿಯಬೇಕು.

ತಂಡಗಳು ಏಪ್ರಿಲ್ ತಿಂಗಳಿಂದ ಸೆಪ್ಟೆಂಬರಿನ ಕೊನೆಯವರೆಗೆ ಬಹುಮಟ್ಟಿಗೆ ಪ್ರತಿದಿನವೂ ಆಡುತ್ತವೆ. ೧೯೬೪ರಲ್ಲಿ ನ್ಯಾಷನಲ್ ಲೀಗ್ ಎಂಬ ಕೂಟದಲ್ಲಿ ೧೦ ತಂಡಗಳಿದ್ದುವು. ಪ್ರತಿಯೊಂದು ತಂಡವೂ ಉಳಿದ ಒಂಬತ್ತರೊಡನೆ ೧೮ ಸಲ ಆಡಬೇಕು. ಒಟ್ಟು ೧೬೨ ಆಟಗಳು. ಎಲ್ಲಕ್ಕಿಂತ ಹೆಚ್ಚು ಗೆದ್ದ ತಂಡಕ್ಕೆ ಲೀಗಿನ ಪತಾಕೆ ದೊರೆಯುವುದು. ಪತಾಕೆ ಪಡೆದ ತಂಡವು ಇನ್ನೊಂದು ಕೂಟವಾದ ಅಮೆರಿಕನ್ ಲೀಗಿನ ವಿಜೇತ ತಂಡದೊಡನೆ ವಿಶ್ವ ಸರಣಿಯನ್ನು ಆಡುವುದು. ಎರಡನೆಯ ಸ್ಥಾನದ ತಂಡಕ್ಕೆ ಆಗ ವಿಶ್ವ ಸರಣಿಯನ್ನು ಆಡುವ ಅವಕಾಶವಿರಲಿಲ್ಲ.

ಈ ಆಟದ ಒಂದು ವಿಶೇಷವನ್ನು ಇಲ್ಲಿ ನೆನಪಿಡತಕ್ಕದ್ದು. ಎಷ್ಟೇ ಬಲವಾದ ತಂಡವಾದರೂ ಮೂರರಲ್ಲಿ ಎರಡಕ್ಕಿಂತ ಹೆಚ್ಚು ಆಟಗಳನ್ನು ಗೆಲ್ಲುವುದು ಬಲು ಅಪರೂಪ; ಎಷ್ಟೇ ದುರ್ಬಲವಾದರೂ ಮೂರರಲ್ಲಿ ಒಂದನ್ನು ಗೆಲ್ಲುವುದು ಸಾಮಾನ್ಯ. ೧೯೬೪ರಲ್ಲಿ ಹತ್ತನೆಯ, ಅಂದರೆ ಕಟ್ಟಕಡೆಯ ಸ್ಥಾನದಲ್ಲಿದ್ದ ನ್ಯೂಯಾರ್ಕ್ ಮೆಟ್ಸ್ ತಂಡವೂ ೫೩ ಆಟಗಳನ್ನು ಗೆದ್ದಿತು. ಒಂದು ದಿನದ ಆಟವು ತಂಡದ ಬಲವನ್ನು ಬಹಳ ಕಡಮೆ ತಿಳಿಸುತ್ತದೆ; ಆದುದರಿಂದಲೇ ಇಷ್ಟೊಂದು ಆಟಗಳು ಬೇಕಾಗುತ್ತವೆ.

ಅಂತರದ ಲೆಕ್ಕ

ಬೆಳಗಾಗುತ್ತಲೇ ಪತ್ರಿಕೆಯನ್ನು ಬಿಡಿಸಿ ಅಭಿಮಾನಿಯು ಮೊದಲು ನೋಡುವುದು ತಂಡಗಳ ಸ್ಥಾನದ ಪಟ್ಟಿಯನ್ನು. ೧೯೬೪ರ ಸೆಪ್ಟೆಂಬರ್ ೨೦ರ ಆಟಗಳು ಮುಗಿದಾಗ ಆ ಪಟ್ಟಿಯ ಮೇಲ್ಭಾಗ ಹೀಗಿತ್ತು:

ಫಿಲಡೆಲ್ಫಿಯ ಫಿಲೀಸ್ — ಗೆಲುವು ೯೦, ಸೋಲು ೬೦, ಉಳಿದ ಆಟ ೧೨
ಸೇಂಟ್ ಲೂಯಿ ಕಾರ್ಡಿನಲ್ಸ್ — ಗೆಲುವು ೮೩, ಸೋಲು ೬೬, ಉಳಿದ ಆಟ ೧೩
ಸಿನ್ಸಿನಾಟಿ ರೆಡ್ಸ್ — ಗೆಲುವು ೮೩, ಸೋಲು ೬೬, ಉಳಿದ ಆಟ ೧೩

ತಂಡಗಳು ಆಡಿದ ಆಟಗಳ ಸಂಖ್ಯೆ ಒಂದೇ ಸಮವಾಗಿಲ್ಲದಿರುವುದರಿಂದ, ಬರಿಯ ಗೆಲುವುಗಳನ್ನು ಹೋಲಿಸಿದರೆ ಸಾಲದು. ಗೆಲುವುಗಳ ವ್ಯತ್ಯಾಸಕ್ಕೆ ಸೋಲುಗಳ ವ್ಯತ್ಯಾಸವನ್ನು ಕೂಡಿಸಿ, ಎರಡರಿಂದ ಭಾಗಿಸುವುದು ರೂಢಿ. ಮೇಲಿನ ಪಟ್ಟಿಯಲ್ಲಿ ಗೆಲುವುಗಳ ವ್ಯತ್ಯಾಸ ೭, ಸೋಲುಗಳದು ೬, ಮೊತ್ತ ೧೩, ಅದರ ಅರ್ಧ ೬½. ಅಂದರೆ ಫಿಲಡೆಲ್ಫಿಯ ತಂಡವು ೬½ ಆಟಗಳಷ್ಟು ಮುಂದಿತ್ತು.

ಹೀಗೆ ಅರ್ಧ ಮಾಡುವುದರಲ್ಲಿ ಒಂದು ಅರ್ಥವಿದೆ. ಮುಂದಿರುವ ತಂಡವು ಬೇರೆ ಯಾರಿಗೋ ಸೋತರೆ ಅಂತರವು ಅರ್ಧ ಆಟದಷ್ಟು ಕಡಮೆಯಾಗುತ್ತದೆ. ಹಿಂದಿನ ತಂಡವು ಬೇರೆ ಯಾರನ್ನೋ ಗೆದ್ದರೆ ಇನ್ನರ್ಧ. ಆದರೆ ಆ ಎರಡು ತಂಡಗಳೇ ಎದುರುಬದುರಾಗಿ ಆಡಿದಾಗ ಒಂದೇ ಪಂದ್ಯದಿಂದ ಅಂತರವು ಇಡೀ ಒಂದು ಆಟದಷ್ಟು ಬದಲಾಗುವುದು. ಫಿಲಡೆಲ್ಫಿಯಕ್ಕೆ ಉಳಿದಿದ್ದ ೧೨ ಆಟಗಳಲ್ಲಿ ೫ ಸಿನ್ಸಿನಾಟಿಯೊಡನೆಯೂ ೩ ಸೇಂಟ್ ಲೂಯಿಯೊಡನೆಯೂ ಇದ್ದುವೆಂಬುದನ್ನು ವಾಚಕರು ಗಮನಿಸಬೇಕು.

ಮಾಯಾಸಂಖ್ಯೆ

ಅಭಿಮಾನಿಗಳು ಇನ್ನೊಂದು ಸಂಖ್ಯೆಯನ್ನೂ ಲೆಕ್ಕ ಹಾಕುತ್ತಾರೆ. ಅದಕ್ಕೆ ಮಾಯಾಸಂಖ್ಯೆ ಎಂದು ಹೆಸರು. ಹೆಸರಿನಲ್ಲಿ ಮಾಯೆಯಿದ್ದರೂ ಲೆಕ್ಕದಲ್ಲಿ ಇಲ್ಲ. ಒಟ್ಟು ಆಟಗಳಿಗೆ ಒಂದನ್ನು ಕೂಡಿಸಿ, ಅದರಿಂದ ಮುಂದಿರುವ ತಂಡದ ಗೆಲುವುಗಳನ್ನೂ ಹಿಂದಿರುವ ತಂಡದ ಸೋಲುಗಳನ್ನೂ ಕಳೆಯಬೇಕು. ೧೬೩ರಿಂದ ೯೦ನ್ನೂ ೬೬ನ್ನೂ ಕಳೆದರೆ ಉಳಿಯುವುದು ೭. ಫಿಲಡೆಲ್ಫಿಯದ ಗೆಲುವುಗಳು, ಪ್ರತಿಸ್ಪರ್ಧಿಯ ಸೋಲುಗಳು, ಇವೆರಡೂ ಸೇರಿ ಏಳಾದರೆ ಆ ಪ್ರತಿಸ್ಪರ್ಧಿಯು ಇನ್ನು ಸರಿಗಟ್ಟಲಾರನು. ಫಿಲಡೆಲ್ಫಿಯ ತಾನೇ ೧೨ರಲ್ಲಿ ೭ನ್ನು ಗೆದ್ದರೂ ಆಯಿತು. ತಾನು ೪ನ್ನು ಗೆದ್ದು ಎದುರಾಳಿಗಳು ೩ನ್ನು ಸೋತರೂ ಆಯಿತು. ಆ ನಗರದಲ್ಲಿ ವಿಶ್ವ ಸರಣಿಯ ಟಿಕೆಟ್ಟುಗಳು ಅಚ್ಚಾಗಿದ್ದುದು ಆಶ್ಚರ್ಯವಲ್ಲ.

ಮಾಯಾಸಂಖ್ಯೆಯು ಎರಡೆರಡು ತಂಡಗಳನ್ನು ಮಾತ್ರ ಹೋಲಿಸುತ್ತದೆ. ಅದೇ ಅದರ ಕೊರತೆ. ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಕ ಎಂಬ ತಂಡಕ್ಕೆ ೯೦ ಗೆಲುವು, ಖ ಎಂಬುದಕ್ಕೆ ೮೮. ಇಬ್ಬರಿಗೂ ೪ ಆಟಗಳು ಉಳಿದಿವೆ, ಆ ನಾಲ್ಕೂ ಪರಸ್ಪರ ಆಡತಕ್ಕವು. ಗ ಎಂಬ ತಂಡಕ್ಕೆ ೮೭ ಗೆಲುವು, ೩ ಆಟ ಉಳಿದಿದೆ. ಗ ಮೂರನ್ನೂ ಗೆದ್ದು ೯೦ನ್ನು ಮುಟ್ಟಬಹುದು. ಕ ಈಗ ೯೦ರಲ್ಲಿಯೇ ಇದೆ. ಆದುದರಿಂದ ಸರಿಸಮವಾಗುವ ಆಸೆ ಇದೆಯೆಂದು ತೋರುವುದು. ಆದರೆ ಕ ಮತ್ತು ಖ ತಂಡಗಳ ಈಗಿನ ಗೆಲುವುಗಳ ಮೊತ್ತ ೧೭೮. ಅವು ತಮ್ಮತಮ್ಮೊಳಗೆ ಆಡುವ ನಾಲ್ಕು ಆಟಗಳಲ್ಲಿ ಯಾರಾದರೂ ಗೆಲ್ಲಲೇಬೇಕಾದುದರಿಂದ ಮೊತ್ತವು ೧೮೨ ಆಗಿಯೇ ತೀರುವುದು. ಇದರ ಸರಾಸರಿ ೯೧. ಎರಡು ಸಂಖ್ಯೆಗಳ ಸರಾಸರಿ ೯೧ ಆದ ಮೇಲೆ ಅವುಗಳಲ್ಲಿ ಒಂದಾದರೂ ೯೧ಕ್ಕೆ ಕಡಮೆಯಾಗಿರಲಾರದು. ಹೀಗೆ ಗ ತಂಡವು ತನಗೆ ತಿಳಿಯದೆಯೇ ಸ್ಪರ್ಧೆಯಿಂದ ಹೊರಬಿದ್ದಿದೆ! ಇಂಥ ಪ್ರಶ್ನೆಗಳನ್ನು ಕೊಳವೆಗಳ ಜಾಲದಲ್ಲಿ ನೀರು ಹರಿಯುವ ಲೆಕ್ಕವಾಗಿ ಮಾರ್ಪಡಿಸಿ ಬಿಡಿಸಬಹುದೆಂದು ಬೆಂಜಮಿನ್ ಶ್ವಾರ್ಟ್ಸ್ ಎಂಬವರು ೧೯೬೬ರಲ್ಲಿ ತೋರಿಸಿದರು. ಉಳಿದ ಒಂದೊಂದು ಗೆಲುವೂ ಒಂದೊಂದು ಪಾತ್ರೆ ನೀರು. ಅದು ಎರಡು ತಂಡಗಳಲ್ಲಿ ಒಂದರ ಕಡೆಗೆ ಹರಿಯಲೇಬೇಕು. ಯಾವ ತೊಟ್ಟಿಯೂ ಮಿತಿ ಮೀರದೆ ಎಲ್ಲ ನೀರೂ ಹಿಡಿಸುವುದಾದರೆ ಮಾತ್ರ ಹಿಂದಿನ ತಂಡಕ್ಕೆ ಆಸೆಯುಂಟು.

ಹತ್ತು ಸೋಲುಗಳು

ಈಗ ೧೯೬೪ರ ಕಥೆಗೆ ಹಿಂದಿರುಗೋಣ. ಸೆಪ್ಟೆಂಬರ್ ೨೧ರಂದು ಫಿಲಡೆಲ್ಫಿಯ ನಗರದಲ್ಲಿಯೇ ಸಿನ್ಸಿನಾಟಿಯೊಡನೆ ಆಟ. ಆರನೆಯ ಸರದಿಯಲ್ಲಿ ಸಿನ್ಸಿನಾಟಿಯ ಚಿಕೋ ರೂಯಿಸ್ ಮೂರನೆಯ ಬೇಸಿನ ಮೇಲಿದ್ದನು. ದಾಂಡು ಹಿಡಿದಿದ್ದವನು ಹೆಸರಾಂತ ಹೊಡೆತಗಾರ ಫ್ರಾಂಕ್ ರಾಬಿನ್ಸನ್. ಅವನು ಚೆಂಡನ್ನು ಹೊಡೆಯುವವರೆಗೆ ಕಾಯದೆ ರೂಯಿಸ್ ಹೋಂ ಪ್ಲೇಟಿನತ್ತ ನುಗ್ಗಿ ರನ್ನು ಮಾಡಿದನು. ಬಹಳ ಅಪಾಯದ ಸಾಹಸವಿದು. ಆ ದಿನ ಬಂದ ರನ್ನು ಅದೊಂದೇ. ಫಿಲಡೆಲ್ಫಿಯ ೧–೦ ಸೋತಿತು.

ಮುಂದಿನ ಎರಡು ದಿನಗಳೂ ಸಿನ್ಸಿನಾಟಿಗೇ ಗೆಲುವು. ಆಮೇಲೆ ಮಿಲ್ವಾಕಿ ನಗರದ ಬ್ರೇವ್ಸ್ ತಂಡ ಬಂದು ನಾಲ್ಕಕ್ಕೆ ನಾಲ್ಕನ್ನೂ ಗೆದ್ದಿತು. ತಾಯ್ನೆಲದ ಏಳು ಆಟಗಳನ್ನೂ ಕಳೆದುಕೊಂಡ ಫಿಲಡೆಲ್ಫಿಯ ಸೇಂಟ್ ಲೂಯಿಗೆ ಹೋಗಿ ಅಲ್ಲಿ ಮೂರನ್ನು ಸೋತಿತು. ಸೆಪ್ಟೆಂಬರ್ ೩೦ರ ರಾತ್ರಿ ಅದರ ಲೆಕ್ಕ ೯೦ ಗೆಲುವು, ೭೦ ಸೋಲು. ಅದೇ ಹತ್ತು ದಿನಗಳಲ್ಲಿ ಸೇಂಟ್ ಲೂಯಿ ಹತ್ತರಲ್ಲಿ ಒಂಬತ್ತನ್ನು ಗೆದ್ದು ೯೨–೬೭ಕ್ಕೆ ಏರಿತ್ತು. ೬½ ಆಟ ಮುಂದಿದ್ದ ತಂಡವು ೨½ ಆಟ ಹಿಂದೆ ಬಿದ್ದಿತು.

ಆದರೂ ಕಥೆ ಮುಗಿಯಲಿಲ್ಲ. ಕೊನೆಯ ಮೂರು ಆಟಗಳಲ್ಲಿ ಸೇಂಟ್ ಲೂಯಿಗೆ ಎದುರಾದುದು ಕಡೆಯ ಸ್ಥಾನದ ಮೆಟ್ಸ್. ಆ ದುರ್ಬಲ ತಂಡ ಮೊದಲನೆಯದನ್ನು ೧–೦, ಎರಡನೆಯದನ್ನು ೧೫–೫ ಗೆದ್ದುಬಿಟ್ಟಿತು! ಅತ್ತ ಫಿಲಡೆಲ್ಫಿಯ ಎಚ್ಚೆತ್ತು ಸಿನ್ಸಿನಾಟಿಯನ್ನು ೪–೩ರಿಂದ ಸೋಲಿಸಿತು. ಅಕ್ಟೋಬರ್ ೪ರ ಭಾನುವಾರ ಬೆಳಗಾದಾಗ ಸೇಂಟ್ ಲೂಯಿ ೯೨–೬೯, ಸಿನ್ಸಿನಾಟಿ ೯೨–೬೯, ಫಿಲಡೆಲ್ಫಿಯ ೯೧–೭೦. ಆ ದಿನದ ಎರಡು ಆಟಗಳಿಂದ ನಾಲ್ಕು ಬಗೆಯ ಫಲಗಳು ಸಾಧ್ಯವಿದ್ದುವು. ಸಿನ್ಸಿನಾಟಿಯೂ ಸೇಂಟ್ ಲೂಯಿಯೂ ಗೆದ್ದರೆ ಎರಡು ತಂಡ ಸಮ. ಸಿನ್ಸಿನಾಟಿಯೊಂದೇ ಗೆದ್ದರೆ ಪತಾಕೆ ಅದಕ್ಕೆ. ಫಿಲಡೆಲ್ಫಿಯ ಗೆದ್ದು ಸೇಂಟ್ ಲೂಯಿ ಸೋತರೆ ಮೂರು ತಂಡಗಳೂ ೯೨–೭೦ರಲ್ಲಿ ಸಮ. ಫಿಲಡೆಲ್ಫಿಯವೂ ಸೇಂಟ್ ಲೂಯಿಯೂ ಗೆದ್ದರೆ ಪತಾಕೆ ಸೇಂಟ್ ಲೂಯಿಗೆ. ನಡೆದುದು ಕೊನೆಯದು. ಫಿಲಡೆಲ್ಫಿಯ ೧೦–೦ ಗೆದ್ದಿತು. ಆದರೆ ಸೇಂಟ್ ಲೂಯಿಯೂ ೧೧–೫ ಗೆದ್ದಿತು.

ಕೊನೆಯ ಎಣಿಕೆ: ಸೇಂಟ್ ಲೂಯಿ ೯೩, ಸಿನ್ಸಿನಾಟಿ ೯೨, ಫಿಲಡೆಲ್ಫಿಯ ೯೨. ಏಳರ ಮಾಯಾಸಂಖ್ಯೆಯಲ್ಲಿ ಸೇಂಟ್ ಲೂಯಿಯ ಲೆಕ್ಕಕ್ಕೆ ಎರಡೂ ಸಿನ್ಸಿನಾಟಿಯ ಲೆಕ್ಕಕ್ಕೆ ಒಂದೂ ತುಂಬದೆ ಉಳಿದುವು. ಸೇಂಟ್ ಲೂಯಿಯಲ್ಲಿ ಸೋತ ಮೂರು ಆಟಗಳಲ್ಲಿ ಒಂದೇ ಒಂದು ತಿರುಗುಮುರುಗಾಗಿದ್ದರೂ ಫಿಲಡೆಲ್ಫಿಯಕ್ಕೆ ೯೩, ಉಳಿದಿಬ್ಬರಿಗೆ ೯೨, ಪತಾಕೆ ಅದರದಾಗುತ್ತಿತ್ತು.

ನಾಣ್ಯದ ಲೆಕ್ಕ

ಇಂಥ ಕುಸಿತವು ಎಷ್ಟು ಅಸಂಭವವಾದುದು? ೧೫೦ ಆಟಗಳಲ್ಲಿ ೯೦ನ್ನು ಗೆದ್ದ ತಂಡಕ್ಕೆ ಮುಂದಿನ ಯಾವುದೇ ಆಟವನ್ನು ಗೆಲ್ಲುವ ಸಂಭಾವ್ಯತೆ ನೂರಕ್ಕೆ ೬೦ ಎಂದು ಮೊದಲು ಭಾವಿಸೋಣ. ಆಗ ಸೋಲುವ ಸಂಭಾವ್ಯತೆ ನೂರಕ್ಕೆ ೪೦. ಹತ್ತು ಆಟಗಳನ್ನು ಸತತವಾಗಿ ಸೋಲಬೇಕಾದರೆ ಹತ್ತರಲ್ಲಿ ನಾಲ್ಕು ಎಂಬ ಭಿನ್ನರಾಶಿಯನ್ನು ಹತ್ತು ಸಲ ಗುಣಿಸಬೇಕು. ಫಲ ಸುಮಾರು ೯,೫೦೦ರಲ್ಲಿ ಒಂದು. ಆದರೆ ಪತಾಕೆ ಕಳೆದುಕೊಳ್ಳಲು ಸೋಲುಗಳು ಒಂದರ ಹಿಂದೊಂದು ಬರಬೇಕೆಂದೇನಿಲ್ಲ. ೧೨ರಲ್ಲಿ ಎರಡು ಅಥವಾ ಅದಕ್ಕೂ ಕಡಮೆ ಗೆಲ್ಲುವ ಸಂಭಾವ್ಯತೆಯೇ ಇಲ್ಲಿ ಬೇಕಾದುದು. ಅದು ಸುಮಾರು ೩೫೬ರಲ್ಲಿ ಒಂದು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಉಳಿದಿದ್ದ ಎದುರಾಳಿಗಳು ಬಲವಾದವರು. ತಂಡದ ನಿಜವಾದ ಶಕ್ತಿ ಅವರೆದುರಿಗೆ ನೂರಕ್ಕೆ ೬೦ ಇರಲಾರದು. ಅದನ್ನು ೫೦ ಎಂದಿಟ್ಟುಕೊಂಡರೆ, ಎಂದರೆ ನಾಣ್ಯವನ್ನು ಚಿಮ್ಮಿದಂತೆ ಎಂದುಕೊಂಡರೆ, ೧೨ ಸಲದಲ್ಲಿ ಎರಡಕ್ಕೆ ಮೀರದೆ ರಾಜನ ಮುಖ ಬೀಳುವ ಸಂಭಾವ್ಯತೆ ಸುಮಾರು ೫೨ರಲ್ಲಿ ಒಂದು. ನೂರಕ್ಕೆ ೪೦ ಎಂದರೆ ಸುಮಾರು ೧೨ರಲ್ಲಿ ಒಂದು. ಊಹೆಯು ಸ್ವಲ್ಪ ಬದಲಾದರೆ ಉತ್ತರವು ಮೂವತ್ತು ಪಟ್ಟು ಬದಲಾಗುತ್ತದೆ! "ಇದು ಇಷ್ಟರಲ್ಲಿ ಒಂದು ಸಂಭವ" ಎಂದು ಯಾರಾದರೂ ಖಚಿತವಾಗಿ ಹೇಳಿದಾಗ, ಆ ಲೆಕ್ಕದ ಬುಡದಲ್ಲಿರುವ ಊಹೆ ಯಾವುದೆಂದು ವಿಚಾರಿಸುವುದು ವಿದ್ಯಾರ್ಥಿಗಳ ಕರ್ತವ್ಯ.

ಫಿಲಡೆಲ್ಫಿಯ ಸೋತರೆ ಮಾತ್ರ ಸಾಲದು. ಹಿಂದಿನವರು ಗೆಲ್ಲಲೂ ಬೇಕು. ನಾಣ್ಯದ ಲೆಕ್ಕದಂತೆ ೧೩ರಲ್ಲಿ ೧೦ ಅಥವಾ ಹೆಚ್ಚನ್ನು ಗೆಲ್ಲುವುದು ಸುಮಾರು ೨೨ರಲ್ಲಿ ಒಂದು. ಎರಡನ್ನೂ ಗುಣಿಸಿದರೆ ಸಾವಿರದ ನೂರರಲ್ಲಿ ಒಂದರಷ್ಟಾಗುವುದು. ಹೀಗೆ ಗುಣಿಸುವುದೂ ಪೂರ್ತಿ ಸರಿಯಲ್ಲ. ಏಕೆಂದರೆ ಎರಡು ಘಟನೆಗಳು ಪರಸ್ಪರ ಸ್ವತಂತ್ರವಾಗಿದ್ದಾಗ ಮಾತ್ರ ಗುಣಾಕಾರ ಸಲ್ಲುತ್ತದೆ. ಇಲ್ಲಿ ಒಬ್ಬರ ಮೂರು ಸೋಲುಗಳು ಇನ್ನೊಬ್ಬರ ಮೂರು ಗೆಲುವುಗಳೇ ಆಗಿದ್ದುವು; ಬೆನ್ನಟ್ಟುತ್ತಿದ್ದ ತಂಡವೂ ಒಂದೇ ಅಲ್ಲ. ಇವೆರಡು ಕಾರಣಗಳಿಂದ ಅಪಾಯವು ಹೆಚ್ಚುತ್ತದೆ. ಇಂಥ ಗೋಜಲನ್ನು ಕೈಯಿಂದ ಬಿಡಿಸುವುದು ಕಷ್ಟ. ಆದುದರಿಂದ ಇಂದು ಗಣಕಯಂತ್ರಗಳು ಉಳಿದ ಆಟಗಳನ್ನೆಲ್ಲ ಸಾವಿರಾರು ಸಲ ಕಲ್ಪನೆಯಲ್ಲಿ ಆಡಿಸಿ, ಎಷ್ಟು ಸಲ ಯಾವ ತಂಡ ಗೆದ್ದಿತೆಂದು ಎಣಿಸುತ್ತವೆ. ಮಾಂಟಿ ಕಾರ್ಲೊ ವಿಧಾನವೆಂದು ಇದಕ್ಕೆ ಹೆಸರು.

ಇಷ್ಟು ಅಪರೂಪವಾದುದು ನಡೆದದ್ದು ಹೇಗೆ? ೧೯೦೧ರಿಂದ ಎರಡು ಲೀಗುಗಳಲ್ಲಿಯೂ ಸ್ಪರ್ಧೆಗಳು ನಡೆದುಕೊಂಡು ಬಂದಿವೆ. ಅವುಗಳ ಸಂಖ್ಯೆ ಇನ್ನೂರನ್ನು ಎಂದೋ ದಾಟಿದೆ. ಒಂದೊಂದರಲ್ಲಿಯೂ ಅಪರೂಪವಾದ ಘಟನೆ, ಇಷ್ಟನ್ನೂ ಒಟ್ಟಾಗಿ ನೋಡಿದಾಗ ಅಷ್ಟೊಂದು ಅಪರೂಪವಲ್ಲ. ೧೯೫೧ರ ಆಗಸ್ಟಿನಲ್ಲಿ ೧೩ ಆಟ ಹಿಂದಿದ್ದ ನ್ಯೂಯಾರ್ಕ್ ಜಯಂಟ್ಸ್ ಬ್ರೂಕ್ಲಿನ್ ಡಾಡ್ಜರ್ಸನ್ನು ಹಿಡಿದು ಪತಾಕೆ ಗೆದ್ದಿತು. ೨೦೧೧ರ ಸೆಪ್ಟೆಂಬರ್ ಆರಂಭದಲ್ಲಿ ಟ್ಯಾಂಪಾ ಬೇ ತಂಡಕ್ಕಿಂತ ೯ ಆಟ ಮುಂದಿದ್ದ ಬಾಸ್ಟನ್ ರೆಡ್ ಸಾಕ್ಸ್ ಕೊನೆಯ ದಿನ ಒಂದೇ ಆಟದಿಂದ ಹೊರಬಿದ್ದಿತು. ನಿರಾಯಾಸವಾಗಿ ಗೆದ್ದ ನೂರಾರು ತಂಡಗಳನ್ನು ನಾವು ಮರೆಯುತ್ತೇವೆ. ಇಂಥವನ್ನು ಮಾತ್ರ ನೆನಪಿಡುತ್ತೇವೆ.

ದಣಿದ ತೋಳುಗಳು

ಆದರೆ ಆಟಗಾರರು ನಾಣ್ಯಗಳಲ್ಲ. ನಾಣ್ಯಕ್ಕೆ ಆಯಾಸವಿಲ್ಲ, ಭಯವಿಲ್ಲ. ನಿನ್ನೆಯ ಸೋಲಿನ ನೆನಪೂ ಇಲ್ಲ. ಬೇಸ್‌ಬಾಲಿನಲ್ಲಿ ಅತ್ಯಂತ ಶ್ರಮದ ಕೆಲಸ ಪಿಚರನದು. ಪೂರ್ಣಬಲದಿಂದ ನೂರಾರು ಸಲ ಚೆಂಡೆಸೆದ ತೋಳಿನ ಸ್ನಾಯುಗಳು ಚೇತರಿಸಿಕೊಳ್ಳಲು ಕೆಲವು ದಿನಗಳ ವಿಶ್ರಾಂತಿ ಬೇಕು. ಫಿಲಡೆಲ್ಫಿಯ ತಂಡದ ಮ್ಯಾನೇಜರ್ ಜೀನ್ ಮಾಕ್ ತನ್ನ ಇಬ್ಬರು ಅತ್ಯುತ್ತಮ ಪಿಚರುಗಳಾದ ಜಿಮ್ ಬನ್ನಿಂಗ್ ಮತ್ತು ಕ್ರಿಸ್ ಶಾರ್ಟರನ್ನೇ ಮತ್ತೆ ಮತ್ತೆ ಕಣಕ್ಕಿಳಿಸಿದರು. ಸೋತ ಹತ್ತು ಆಟಗಳಲ್ಲಿ ಆರನ್ನು ಆರಂಭಿಸಿದವರು ಇವರಿಬ್ಬರೇ; ಹಲವು ಸಲ ಎರಡೇ ದಿನಗಳ ವಿಶ್ರಾಂತಿಯ ಮೇಲೆ. ಈ ತೀರ್ಮಾನಕ್ಕಾಗಿ ಮಾಕ್ ದಶಕಗಳ ಕಾಲ ನಿಂದೆಯನ್ನು ಹೊರಬೇಕಾಯಿತು. ಅವರು ಒಟ್ಟು ೨೬ ಋತುಗಳಲ್ಲಿ ಮ್ಯಾನೇಜರರಾಗಿದ್ದರೂ ಒಮ್ಮೆಯೂ ಪತಾಕೆ ಕೈಸೇರಲಿಲ್ಲ.

ನಿಂದೆ ನ್ಯಾಯವಾದುದೆ? ದಣಿವಿನಿಂದ ತಂಡದ ಶಕ್ತಿ ೫೦ರಿಂದ ೪೦ಕ್ಕೆ ಇಳಿದಿದ್ದರೆ ಕುಸಿತದ ಸಂಭಾವ್ಯತೆ ನಾಲ್ಕು ಪಟ್ಟು ಹೆಚ್ಚುತ್ತದೆಂದು ಮೇಲಿನ ಲೆಕ್ಕ ತೋರಿಸುತ್ತದೆ. ಆದುದರಿಂದ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದಲ್ಲ. ಆದರೆ ೪೦ರ ಶಕ್ತಿಯ ತಂಡ ಕೂಡ ೧೨ ಸಲದಲ್ಲಿ ೧೧ ಸಲ ಇಷ್ಟು ಕೆಡುಕಾಗಿ ಆಡುವುದಿಲ್ಲ. ಮೊದಲನೆಯ ಸೋಲಿಗೆ ಕಾರಣವಾದ ರೂಯಿಸನ ಓಟಕ್ಕೂ ದಣಿವಿಗೂ ಸಂಬಂಧವನ್ನು ಕಲ್ಪಿಸುವುದು ಕಷ್ಟ. ದಣಿವೂ ದುರದೃಷ್ಟವೂ ಎಷ್ಟೆಷ್ಟು ಪಾಲೆಂದು ಹತ್ತೇ ಆಟಗಳಿಂದ ಬೇರ್ಪಡಿಸಿ ಹೇಳಲು ಯಾವ ಗಣಿತಕ್ಕೂ ಸಾಧ್ಯವಿಲ್ಲ. ಫಲವು ಕೆಟ್ಟದಾದ ಮಾತ್ರಕ್ಕೆ ತೀರ್ಮಾನವೂ ಕೆಟ್ಟದೆಂದು ಹೇಳುವುದು ತರ್ಕದೋಷ. ಅದೇ ಇಬ್ಬರು ಪಿಚರುಗಳು ಒಂದು ಆಟವನ್ನು ಗೆದ್ದುಕೊಟ್ಟಿದ್ದರೆ ಅದೇ ತೀರ್ಮಾನವನ್ನು ಧೈರ್ಯವೆಂದು ಜನ ಹೊಗಳುತ್ತಿದ್ದರು.

ಅಳತೆಯೋ, ನಿರ್ಣಯವೋ?

ಇನ್ನೂ ಆಳವಾದ ಪ್ರಶ್ನೆಯೊಂದಿದೆ. ಪತಾಕೆ ಗೆದ್ದ ತಂಡವೇ ಉತ್ತಮ ತಂಡವೆ? ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಖ್ಯಾಶಾಸ್ತ್ರಜ್ಞರಾದ ಫ್ರೆಡರಿಕ್ ಮಾಸ್ಟೆಲ್ಲರ್ ಅವರು ೧೯೫೨ರಲ್ಲಿ ಏಳು ಆಟಗಳ ವಿಶ್ವ ಸರಣಿಯ ವಿಷಯವಾಗಿ ಇಂಥ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ಒಂದೊಂದು ಆಟವನ್ನೂ ನೂರಕ್ಕೆ ೬೦ರಂತೆ ಗೆಲ್ಲಬಲ್ಲ ತಂಡವೂ, ಮೊದಲು ನಾಲ್ಕನ್ನು ಗೆದ್ದವರಿಗೆ ಜಯವೆಂಬ ಸರಣಿಯನ್ನು ನೂರಕ್ಕೆ ೭೧ ಸಲ ಮಾತ್ರ ಗೆಲ್ಲುತ್ತದೆ. ೨೯ ಸಲ ಕಡಮೆ ಬಲದ ತಂಡಕ್ಕೆ ಜಯ. ೧೬೨ ಆಟಗಳಾದರೆ ಈ ದೋಷ ತಪ್ಪೀತೇ? ಕಡಮೆಯಾಗುತ್ತದೆ, ತಪ್ಪುವುದಿಲ್ಲ. ಗೆಲುವು ಸೋಲುಗಳು ನಾಣ್ಯದಂತೆ ಸಮವಾಗಿರುವ ತಂಡವು ೮೧ ಆಟ ಗೆಲ್ಲಬೇಕೆಂದು ನಿರೀಕ್ಷಿಸುತ್ತೇವೆ. ಬರಿಯ ಆಕಸ್ಮಿಕದಿಂದಲೇ ಆ ಸಂಖ್ಯೆ ಆರು ಗೆಲುವುಗಳಷ್ಟು ಅತ್ತಿತ್ತ ಹೋಗುವುದು ತೀರ ಸಾಮಾನ್ಯ; ಮೂರು ಋತುಗಳಲ್ಲಿ ಎರಡರಲ್ಲಿ ಮಾತ್ರ ಅದು ೭೫ಕ್ಕೂ ೮೭ಕ್ಕೂ ನಡುವೆ ನಿಲ್ಲುತ್ತದೆ.

೧೯೬೪ರಲ್ಲಿ ಮೊದಲ ಐದು ತಂಡಗಳ ಗೆಲುವುಗಳು ೯೩, ೯೨, ೯೨, ೯೦, ೮೮. ಅಳತೆಗೋಲೇ ಆರರಷ್ಟು ಅಲುಗಾಡುತ್ತಿರುವಾಗ ಒಂದರ ವ್ಯತ್ಯಾಸವನ್ನು ನೋಡಿ "ಇದು ಉತ್ತಮ, ಅದು ಅಧಮ" ಎನ್ನಲು ಬರುವುದಿಲ್ಲ. ಪಂದ್ಯಾವಳಿಯನ್ನು ಬಲದ ಅಳತೆಯೆನ್ನುವುದಕ್ಕಿಂತ ಮುಂಚಿತವಾಗಿ ಎಲ್ಲರೂ ಒಪ್ಪಿಕೊಂಡ ನಿಯಮದಂತೆ ಕೊಡುವ ನಿರ್ಣಯವೆನ್ನುವುದೇ ಸರಿ. ಇದನ್ನು ಆಟದ ಆಡಳಿತವೂ ಒಂದು ರೀತಿಯಲ್ಲಿ ಒಪ್ಪಿಕೊಂಡಿದೆ. ೧೯೬೯ರಲ್ಲಿ ಲೀಗುಗಳನ್ನು ವಿಭಾಗಿಸಿ, ಆಮೇಲೆ ಮೇಲಿನ ಸ್ಥಾನಗಳನ್ನು ಹೆಚ್ಚಿಸುತ್ತ ಬಂದರು. ೨೦೨೨ರಿಂದ ಒಂದೊಂದು ಲೀಗಿನಿಂದಲೂ ಆರು ತಂಡಗಳು ಮುಂದಿನ ಸುತ್ತಿಗೆ ಹೋಗುತ್ತವೆ. ಒಂದೇ ಗೆಲುವಿನ ಕೊರತೆಯಿಂದ ಎಲ್ಲವನ್ನೂ ಕಳೆದುಕೊಂಡ ೧೯೬೪ರ ಫಿಲಡೆಲ್ಫಿಯಕ್ಕೆ ಈ ಸೌಲಭ್ಯವಿರಲಿಲ್ಲ. ಆ ನಗರವು ೧೯೫೦ರ ತರುವಾಯ ಮತ್ತೊಂದು ಪತಾಕೆಯನ್ನು ಕಾಣಲು ೧೯೮೦ರವರೆಗೆ ಕಾಯಬೇಕಾಯಿತು.

ಮಾಯಾಸಂಖ್ಯೆ ಸೊನ್ನೆಯಾಗುವವರೆಗೆ ಸ್ಪರ್ಧೆ ಮುಗಿದಿಲ್ಲವೆಂಬುದು ಅಂಕಗಣಿತದ ಮಾತು. ಸೊನ್ನೆಗೆ ಬಲು ಸಮೀಪವಾದ ಸಂಭಾವ್ಯತೆಯೂ ಸೊನ್ನೆಯಲ್ಲವೆಂಬುದು ಸಂಭಾವ್ಯತೆಯ ಶಾಸ್ತ್ರದ ಮಾತು. ಮುಂದಿರುವವನು ಇದನ್ನು ತಿಳಿದರೆ ಎಚ್ಚರವಾಗಿರುವನು. ಹಿಂದಿರುವವನು ತಿಳಿದರೆ ಆಟವನ್ನು ಬಿಡಲಾರನು. ಪಟ್ಟಿಯನ್ನು ಹಿಡಿದು ಕುಳಿತ ಅಭಿಮಾನಿಗೆ ಈ ಜ್ಞಾನದಿಂದ ದುಃಖವು ತಪ್ಪಲಾರದು. ಆದರೆ ಸೋತವರೆಲ್ಲರೂ ಕೈಲಾಗದವರಲ್ಲ, ಗೆದ್ದವರೆಲ್ಲರೂ ಮಹಾಬಲರಲ್ಲ ಎಂಬ ವಿವೇಕವನ್ನಾದರೂ ಅದು ಕೊಡಬಲ್ಲುದು.